ಪುಣೆ ಬ್ಯಾಸಿಗ್ಯಾಗ ಹಿತ್ತಲ ಕೋಳಿ ನೋಡ್ಕೊಳ್ಳೋದು

ಹಡಪ್ಸರ್, ವಾಘೋಲಿ ಕಡೆ ಹಿತ್ತಲದಾಗ ನಾಲ್ಕೈದು ಕೋಳಿ ಸಾಕಿದವರು ಇದನ್ನ ಪೂರ್ತಿ ಓದ್ರಿ. ಏಪ್ರಿಲ್ ಮೇ ಬಂತಂದ್ರ ಇಲ್ಲಿ ಬಿಸಿಲು 40 ಡಿಗ್ರಿ ಮುಟ್ಟತೈತಿ, ಕೋಳಿಗೆ ನಮ್ಮಂಗ ಬೆವರು ಬರಂಗಿಲ್ಲ, ಬಾಯಿ ತಕ್ಕೊಂಡು ತೇಕಿ, ಜುಟ್ಟಿನಿಂದ ಸೆಕೆ ಹೊರಗ ಹಾಕಬೇಕು ಪಾಪ. ರೆಕ್ಕಿ ಅಗಲ ಮಾಡಿ ತೇಕಾಕ ಹತ್ತಿದ್ರ ನೆರಳಿಗೆ ಒಯ್ರಿ, ಕಾಲು ತಣ್ಣೀರಾಗ ಅದ್ರಿ, ಐಸ್ ನೀರು ಮಾತ್ರ ಬ್ಯಾಡ.

ನೀರು ಎಲ್ಲಾಕ್ಕಿಂತ ಮುಖ್ಯ. ಮಣ್ಣಿನ ಅಗಲ ಬಟ್ಟಲದಾಗ, ನೆರಳಾಗ, ಎರಡು ಕಡೆ ಇಡ್ರಿ, ಒಂದ ಕಡೆ ಇಟ್ರ ಜೋರಿರೋ ಕೋಳಿ ಉಳಿದವಕ್ಕ ಕುಡ್ಯಾಕ ಬಿಡಂಗಿಲ್ಲ. ಟೆರೇಸ್ ಟ್ಯಾಂಕಿನ ನೀರು ಮಧ್ಯಾಹ್ನ ಸುಡ್ತಿರ್ತೈತಿ, ಅದನ್ನ ನೇರ ಹಾಕಬ್ಯಾಡ್ರಿ.

ಕಾಳು ಹೊತ್ತು ಏರೂಕಿಂತ ಮೊದ್ಲ, ಮತ್ತ ಸಂಜಿಗೆ ಹಾಕ್ರಿ, ತಿಂದಿದ್ದು ಜೀರ್ಣ ಆಗೋವಾಗೂ ಮೈ ಬಿಸಿ ಏರತೈತಿ, ಮಧ್ಯಾಹ್ನ ಕಲ್ಲಂಗಡಿ ಸಿಪ್ಪಿ, ಸೌತಿಕಾಯಿ ಸಾಕು. ತೇಕಿ ತೇಕಿ ತತ್ತಿ ಸಿಪ್ಪಿ ತೆಳ್ಳಗಾಗತೈತಿ, ಅದಕ್ಕ ಕಪ್ಪೆಚಿಪ್ಪಿನ ಪುಡಿ ಬೇರೆ ಬಟ್ಟಲದಾಗ ಇಡ್ರಿ, ಬೇಕಾದಷ್ಟು ತಾವ ತಿಂತಾವ.

ತಗಡಿನ ಗೂಡು ಇದ್ರ ಮ್ಯಾಲೆ ಹಸಿ ಗೋಣಿಚೀಲ ಹಾಸ್ರಿ, ಗಾಳಿ ಆಡಾಕ ಎರಡೂ ಕಡೆ ಜಾಳಿಗಿ ಬಿಡ್ರಿ, ಇಲ್ಲಾಂದ್ರ ಒಳಗ ಬರೇ ಉಬ್ಬೆ. ಹೀರಿ ಬಳ್ಳಿ ಹಬ್ಬಿಸಿದ್ರ ಇನ್ನೂ ಛಲೋ, ನೆರಳೂ ಆತು ಪಲ್ಯಾನೂ ಆತು. ಆದ್ರ ಹಸಿ ಕೋಳಿ ಗೊಬ್ಬರ ಬಳ್ಳಿ ಬುಡಕ್ಕ ಹಾಕಬ್ಯಾಡ್ರಿ, ಬೇರು ಸುಡತೈತಿ, ಒಣ ಎಲಿ ಕಲಸಿ ಕೆಲವು ತಿಂಗಳು ಪೂರ್ತಿ ಕೊಳಿಸಿ ಆಮ್ಯಾಲೆ ಹಾಕ್ರಿ.