ಓರೆಯಾಗಿ ಕೊಯ್ಯುತ್ತಿದ್ದ ಗರಗಸವನ್ನು ಸರಿಪಡಿಸಿಕೊಂಡ ಬಗೆ

ಅಡಿಕೆ ಬೇಯಿಸುವ ಒಲೆಗೆಂದು, ಮಳೆಗಾಲದಲ್ಲಿ ಉರುಳಿದ್ದ ಅಕೇಶಿಯಾ ಮರವನ್ನು ಸಣ್ಣ ಪೆಟ್ರೋಲ್ ಚೈನ್‌ಸಾದಿಂದ, ಅಂದರೆ ಹಲ್ಲಿನ ಸರಪಳಿ ಸುತ್ತುವ ಗರಗಸದಿಂದ, ತುಂಡರಿಸುವಾಗ ಅಲಗು ಪ್ರತಿ ಸಲವೂ ಬಲಕ್ಕೇ ವಾಲಿ ದಿಮ್ಮಿಯ ನಡುವೆ ಸಿಕ್ಕಿಕೊಳ್ಳುತ್ತಿತ್ತು. ಎಂಜಿನ್ನಿನ ಶಕ್ತಿ ಸಾಲದೆಂದು ಭಾವಿಸಿ ಒತ್ತಿ ಕೊಯ್ದದ್ದು ನನ್ನದೇ ತಪ್ಪು. ಚಕ್ಕೆಗಳ ಬದಲು ಹಿಟ್ಟಿನಂಥ ಪುಡಿ ಉದುರುವುದನ್ನು ಕಂಡ ಮೇಲಷ್ಟೇ ಹಲ್ಲುಗಳನ್ನು ಪರೀಕ್ಷಿಸಿದೆನು. ನೆಲಕ್ಕೆ ತಾಗಿದ್ದ ದಿಮ್ಮಿಯನ್ನು ಕೊಯ್ಯುವಾಗ ನಮ್ಮ ಮಲೆನಾಡಿನ ಜಂಬಿಟ್ಟಿಗೆ ಮಣ್ಣು ಉಜ್ಜಿ, ಎಡಸಾಲಿನ ಹಲ್ಲುಗಳು ಹೆಚ್ಚು ಮೊಂಡಾಗಿದ್ದವು. ಗರಗಸವು ಹರಿತವಾಗಿರುವ ಕಡೆಗೇ ಎಳೆಯುತ್ತದೆ. ಆ ಸರಪಳಿಗೆ ಹೊಂದುವ 4 ಮಿಲಿಮೀಟರ್ ದುಂಡು ಅರವನ್ನು 30 ಡಿಗ್ರಿ ಕೋನದಲ್ಲಿ, ಒಳಗಿನಿಂದ ಹೊರಕ್ಕೆ ಮಾತ್ರ ತಳ್ಳುತ್ತ, ಅತಿ ಗಿಡ್ಡ ಹಲ್ಲಿನ ಅಳತೆಗೆ ಉಳಿದೆಲ್ಲವನ್ನೂ ಸಮಗೊಳಿಸಿದೆನು. ಈಗ ದಿಮ್ಮಿಯನ್ನು ಅಡ್ಡಮರಗಳ ಮೇಲೆ ಎತ್ತರಿಸಿಯೇ ಕೊಯ್ಯುತ್ತೇನೆ, ಕೊಯ್ತ ನೇರವಾಗಿದೆ.