ಹಳ್ಳದ ಮೇಲಿನ ಕಾಡನ್ನು ನಾವು ಕಾಯ್ದ ಬಗೆ

ಶಿರಸಿ ತಾಲ್ಲೂಕಿನ ನಮ್ಮ ಊರಿಗೆ ಕುಡಿಯುವ ನೀರು ಬರುವುದು ಮೇಲಿನ ಸರ್ಕಾರಿ ಕಾಡಿನಲ್ಲಿ ಹುಟ್ಟುವ ಹಳ್ಳದಿಂದ. ಪಂಪು, ಕರೆಂಟು ಯಾವುದೂ ಇಲ್ಲದೆ, ಪೈಪಿನಲ್ಲಿ ಇಳಿದು ತಾನಾಗಿ ಪಂಚಾಯತಿಯ ಟ್ಯಾಂಕನ್ನು ಸೇರುತ್ತದೆ. ವರ್ಷಕ್ಕೆ ಸುಮಾರು 2500 ಮಿ.ಮೀ. ಮಳೆ ಬೀಳುವ ಸೀಮೆಯಲ್ಲೂ ಏಪ್ರಿಲ್ ಹೊತ್ತಿಗೆ ಹಳ್ಳ ಸೊರಗತೊಡಗಿದಾಗ, ಗ್ರಾಮ ಅರಣ್ಯ ಸಮಿತಿಯ ಹೊಣೆ ಹೊತ್ತಿದ್ದ ನಾನು ಮೊದಲು ನೆಲವನ್ನು ಪರೀಕ್ಷಿಸಲು ಹೊರಟೆ.

ತಳ ತೆಗೆದ ತಗಡಿನ ಡಬ್ಬಿಯನ್ನು ಮಣ್ಣಿಗೆ ಒತ್ತಿ ನೀರು ಹೊಯ್ದೆವು. ಹಳೆಯ ಕಾಡಿನಲ್ಲಿ, ಮುರುಗಲು, ರಾಮಪತ್ರೆಗಳ ಬುಡದಲ್ಲಿ, ಕೊಳೆತ ದರಕಿನ (ಉದುರಿದ ಒಣ ಎಲೆಗಳ) ಕೆಳಗಿನ ಕಪ್ಪು ಮಣ್ಣು ಅದನ್ನು ನೋಡುನೋಡುತ್ತಿದ್ದಂತೆ ಹೀರಿಕೊಂಡಿತು. ವರ್ಷವೂ ದರಕು ಗುಡಿಸಿ, ದನ ತುಳಿದು ಗಟ್ಟಿಯಾದ ಬೋಳು ಬೆಟ್ಟದಲ್ಲಿ ಅಷ್ಟೇ ನೀರು ಬಹಳ ಹೊತ್ತು ನಿಂತೇ ಇತ್ತು. ಅಕೇಶಿಯಾ ನೆಡುತೋಪಿನ ನೆಲ ಇವೆರಡರ ನಡುವಿನದು. ಉತ್ತರ ಕನ್ನಡದಲ್ಲಿ ನಡೆದ ಜಲವಿಜ್ಞಾನದ ಅಧ್ಯಯನಗಳು ಹೇಳುವುದೂ ಹೆಚ್ಚುಕಡಿಮೆ ಇದನ್ನೇ.

ಮಳೆಗಾಲದಲ್ಲಿ ಇಂಗಿದ ನೀರೇ ಬೇಸಿಗೆಯಲ್ಲಿ ಹಳ್ಳಕ್ಕೆ ಬರುವುದು. ಹಾಗಾಗಿ ದರಕನ್ನು ನೆಲದ ಮೇಲೆಯೇ ಉಳಿಸಬೇಕಿತ್ತು, ಕಷ್ಟವಿದ್ದದ್ದೂ ಅಲ್ಲಿಯೇ. ಘಟ್ಟದ ಮೇಲಿನ ಅಡಿಕೆ ಬೆಳೆಗಾರರಿಗೆ ಎಕರೆ ತೋಟಕ್ಕೆ 9 ಎಕರೆಯವರೆಗೆ ಸೊಪ್ಪಿನ ಬೆಟ್ಟದ (ತೋಟಕ್ಕೆ ಬೇಕಾದ ಸೊಪ್ಪು, ದರಕು ತರುವ ಕಾಡಿನ) ಸವಲತ್ತು ಬ್ರಿಟಿಷರ ಕಾಲದಿಂದ ಇದೆ. ನೆಲ ಸರ್ಕಾರದ್ದು, ಸೊಪ್ಪು ರೈತರದ್ದು. ಅದನ್ನು ತಡೆಯುವ ಅಧಿಕಾರ ಸಮಿತಿಗಿರಲಿಲ್ಲ. ಇದ್ದಿದ್ದರೂ ತಡೆಯುವುದು ನ್ಯಾಯವಾಗುತ್ತಿರಲಿಲ್ಲ. "ದರಕು ಬಿಟ್ಟರೆ ಕೊಟ್ಟಿಗೆಗೆ ಏನು ಹಾಸೋದು ಮಾರಾಯ?" ಎಂದು ಹಿರಿಯರೊಬ್ಬರು ಸಭೆಯಲ್ಲಿ ಕೇಳಿದರು. ಕೊನೆಗೆ ಹಳ್ಳದ ಎರಡು ದಂಡೆಗಳನ್ನೂ ಹುಟ್ಟಿನ ಮೇಲಿನ ಇಳಿಜಾರನ್ನೂ ಮುಟ್ಟದೆ ಬಿಡುವುದೆಂದು, ಬದಲಿಗೆ ಬೆಂಕಿ ರೇಖೆಯ (ಕಾಡಿಗೆ ಬಿದ್ದ ಬೆಂಕಿ ಹರಡದಂತೆ ಸವರಿಡುವ ಪಟ್ಟಿಯ) ಮೇಲಿನ ಮತ್ತು ರಸ್ತೆಯಂಚಿನ ದರಕನ್ನೆಲ್ಲ ರೈತರೇ ಒಯ್ಯುವುದೆಂದು ಒಪ್ಪಂದವಾಯಿತು. ಇದರಿಂದ ಕೊಟ್ಟಿಗೆಗೆ ಹಾಸು ಸಿಕ್ಕಿತು, ಬೇಸಿಗೆಗೆ ಮುನ್ನವೇ ಬೆಂಕಿ ರೇಖೆಯೂ ಚೊಕ್ಕವಾಯಿತು.

ಅಕೇಶಿಯಾವನ್ನು ಒಮ್ಮೆಲೇ ಕಡಿಯಬಾರದು, ಅಲ್ಲಲ್ಲಿ ತೆಳುಗೊಳಿಸಬೇಕು ಎಂದು ಇಲಾಖೆಯವರಿಗೆ ಲಿಖಿತವಾಗಿ ಕೇಳಿಕೊಂಡೆವು. ಅದರ ನೆರಳಿನಲ್ಲಿ ಆಗಲೇ ಎದ್ದಿದ್ದ ನೇರಲು, ಹೆಬ್ಬಲಸಿನ ಸಸಿಗಳಿಗೆ ಬೆಳಕು ಸಿಕ್ಕರೆ ಸಾಕಿತ್ತು. ಹೊಸದಾಗಿ ನೆಟ್ಟದ್ದು ಬಹಳ ಕಡಿಮೆ. ಕಡಿದಾದ ಇಳಿಜಾರಿನಲ್ಲಿ ಇಂಗುಗುಂಡಿ ತೋಡುವ ಸಲಹೆಯನ್ನು, ಮಳೆಗಾಲದಲ್ಲಿ ಧರೆ ಕುಸಿದೀತೆಂಬ ಕಾರಣಕ್ಕೆ, ನಾನು ಒಪ್ಪಲಿಲ್ಲ.

ಮಳೆ ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ, ಬೇಸಿಗೆಯ ನೀರು ಹೆಚ್ಚಿದ್ದು ನಮ್ಮ ಕೆಲಸದಿಂದಲೇ ಎಂದು ನಾನು ಸಾಧಿಸುವುದಿಲ್ಲ. ಮೊದಲ ಮಳೆಗೆ ಪೈಪಿನಲ್ಲಿ ಬರುತ್ತಿದ್ದ ಕೆಂಪು ರಾಡಿ ಮಾತ್ರ ಸ್ಪಷ್ಟವಾಗಿ ಇಳಿದಿದೆ. ಟ್ಯಾಂಕಿನ ಹೂಳು ತೆಗೆಯುವ ನೀರುಗಂಟಿಯೇ ಮೊದಲು ಅದನ್ನು ಗಮನಿಸಿ ಬಂದು ಹೇಳಿದ.