ಪೀಣ್ಯದ ಮೂರು ಬಣ್ಣ, ಕಾರ್ಕಳದ 16: ನನ್ನ ಅನುಭವ

ಕ್ವಾಲಿಟಿ ಬಿಗಿ ಮಾಡಿದರೆ ಪ್ರೊಡಕ್ಷನ್ ಬೀಳುತ್ತದೆ ಅಂತ ನನಗೆ ಹೇಳದವರೇ ಇಲ್ಲ. ಪಾರ್ಟ್ನರ್ ಹೇಳಿದ. ಪಕ್ಕದ ಶೆಡ್ಡಿನವರು ಹೇಳಿದರು. ಕಸ್ಟಮರ್ ಕಡೆಯ ಕ್ವಾಲಿಟಿ ಎಂಜಿನಿಯರ್ ಅಂತೂ ಟೀ ಕುಡಿಯುತ್ತಾ ನಕ್ಕೇಬಿಟ್ಟರು. ಈಗ ಅವರೆಲ್ಲ ಸುಮ್ಮನಾಗಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಪೀಣ್ಯದಲ್ಲಿ ನಮ್ಮದು ಲೋಹದ ದುಂಡು ಬಿಡಿಭಾಗ ಕಡೆಯುವ ಸಣ್ಣ ಟರ್ನಿಂಗ್ ಶಾಪ್. ಆರು ಸಿಎನ್‌ಸಿ ಲೇತ್, ಎರಡು ಶಿಫ್ಟ್. ಬುಷ್, ಸ್ಪೇಸರ್, ಪಿನ್ ಇಂಥ ಕೆಲಸ. ಲಾಟ್ ಸಣ್ಣದು, 300-400 ಪೀಸ್. ಅಂದರೆ ಹೆಚ್ಚು ಕಡಿಮೆ ದಿನಕ್ಕೊಂದು ಸಲವಾದರೂ ಪ್ರತಿ ಮೆಷಿನ್‌ಗೂ ಸೆಟ್ಟಿಂಗ್ ಬದಲಾಗುತ್ತದೆ. ರಿಜೆಕ್ಷನ್ ನಾಲ್ಕು, ನಾಲ್ಕೂವರೆ ಪರ್ಸೆಂಟ್ ಇತ್ತು. ಈಗ ಮುಕ್ಕಾಲು ಪರ್ಸೆಂಟ್‌ಗಿಂತ ಕೆಳಗಿದೆ. ಒಂದು ಮೆಷಿನ್‌ನಿಂದ ಶಿಫ್ಟಿಗೆ 310ರ ಆಸುಪಾಸು ಬರುತ್ತಿದ್ದ ಪೀಸ್ ಈಗ 345 ದಾಟುತ್ತದೆ. ಹೊಸ ಮೆಷಿನ್ ಒಂದೂ ತಂದಿಲ್ಲ.

ಇದಕ್ಕೆ ಮೊದಲು ಏನೇನು ಮಾಡಿ ಕೈ ಸುಟ್ಟುಕೊಂಡೆವು ಅನ್ನೋದನ್ನು ಮೊದಲು ಹೇಳಿಬಿಡುತ್ತೇನೆ.

ಎಲ್ಲರ ಹಾಗೆ ನಾವೂ ಇನ್ಸ್‌ಪೆಕ್ಟರ್‌ಗಳನ್ನು ಜಾಸ್ತಿ ಮಾಡಿದೆವು. ಇಬ್ಬರು ಹೊಸಬರು, ತಲಾ 18 ಸಾವಿರ ಸಂಬಳ. ಮೊದಲೆರಡು ತಿಂಗಳು ಕಸ್ಟಮರ್ ದೂರು ಕಡಿಮೆಯಾಯಿತು. ಆದರೆ ನಮ್ಮೊಳಗಿನ ಸ್ಕ್ರಾಪ್ ಏರಿತು. ಯಾಕೆ ಅಂತ ಗದಗ ಕಡೆಯ ಒಬ್ಬ ಆಪರೇಟರ್‌ನನ್ನು ಕೇಳಿದೆ. "ಸರ, ಹೆಂಗೂ ಅವರು ನೋಡ್ತಾರಲ್ರಿ, ನಾ ಯಾಕ ಮತ್ತ ನೋಡ್ಲಿ?" ಅಂದ. ನ್ಯಾಯವಾದ ಮಾತು. ಕೆಟ್ಟ ಪೀಸ್ ಹುಟ್ಟಿದ ಮೇಲೆ ಹಿಡಿಯುವುದಕ್ಕೆ ನಾವು ದುಡ್ಡು ಕೊಡುತ್ತಿದ್ದೆವು. ಹುಟ್ಟದಿರಲಿ ಅಂತ ಯಾರಿಗೂ ಕೊಡುತ್ತಿರಲಿಲ್ಲ.

ಆಮೇಲೆ ಇನ್ಸೆಂಟಿವ್. 320ರ ಮೇಲೆ ಪ್ರತಿ ಪೀಸಿಗೆ ಇಷ್ಟು ಅಂತ. ಇದರ ಕಥೆ ಬೇಡ. ಕೆಟ್ಟ ಮಾಲಿಗೆ ಕಸ್ಟಮರ್ ಕಳಿಸಿದ ಒಂದೇ ಡೆಬಿಟ್ ನೋಟ್‌ನಲ್ಲಿ ಆರು ತಿಂಗಳ ಇನ್ಸೆಂಟಿವ್ ದುಡ್ಡು ಹೋಯಿತು. ಕಸ್ಟಮರ್ ಜಾಗದಲ್ಲಿ ಮಾಲು ಆರಿಸಿಕೊಡುವವರಿಗೆ ಗಂಟೆ ಲೆಕ್ಕದಲ್ಲಿ ಕೊಟ್ಟದ್ದು ಬೇರೆ.

ಮೂರನೆಯದು ಎಕ್ಸ್-ಬಾರ್, ಆರ್ ಚಾರ್ಟ್, ಅಂದರೆ ಆಗಾಗ ಕೆಲವು ಪೀಸ್ ಅಳೆದು ಅವುಗಳ ಸರಾಸರಿಯನ್ನೂ ದೊಡ್ಡದು-ಚಿಕ್ಕದರ ಅಂತರವನ್ನೂ ಚುಕ್ಕಿ ಇಟ್ಟು ನೋಡುವುದು. ಆಡಿಟ್‌ಗೆ ಇದು ಬೇಕೇ ಬೇಕು ಅಂತ ಕಸ್ಟಮರ್ ಕೂತರು. ಅಮೆರಿಕದ ವಾಲ್ಟರ್ ಶೂಹಾರ್ಟ್ 1924ರಲ್ಲಿ ಶುರು ಮಾಡಿದ ಈ ಬಗೆಯ ಚಾರ್ಟ್‌ಗಳ ಬಗ್ಗೆ ನನಗೆ ಅಪಾರ ಗೌರವ. ಆದರೆ ಅದರಲ್ಲಿ ಮಿತಿಯ ಗೆರೆ ಹಾಕೋಕೆ ಐದೈದು ಪೀಸಿನ 20-25 ಗುಂಪು ಬೇಕು. ಅಲ್ಲಿಗೆ 100-125 ಪೀಸ್ ಮುಗಿಯಿತು. ನಮ್ಮ ಲಾಟ್ ಇರೋದೇ 300. ಗೆರೆ ಸಿದ್ಧವಾಗಿ ಹುಡುಗರಿಗೆ ಅರ್ಥವಾಗುವ ಹೊತ್ತಿಗೆ ಮೆಷಿನ್ ಮೇಲೆ ಬೇರೆ ಪಾರ್ಟ್. ಇನ್ನೊಂದು ವಿಷಯ ನಿಮಗೂ ಗೊತ್ತು: ಶಿಫ್ಟ್ ಮುಗಿಯುವ ಹತ್ತು ನಿಮಿಷ ಮುಂಚೆ ಇಡೀ ದಿನದ ಚಾರ್ಟ್ ಒಂದೇ ಪೆನ್ನಿನಲ್ಲಿ, ಒಂದೇ ಕೈಬರಹದಲ್ಲಿ ತುಂಬಿರುತ್ತದೆ. ಚುಕ್ಕಿಗಳು ಮಾತ್ರ ಬಹಳ ಚೆಂದ ಇರುತ್ತವೆ.

ಕೊನೆಗೆ ಹಿಡಿದದ್ದು ಪ್ರೀ-ಕಂಟ್ರೋಲ್. ಹೊಸದೇನಲ್ಲ, 1950ರ ದಶಕದ್ದು. ಸ್ಟ್ಯಾಟಿಸ್ಟಿಕ್ಸ್ ಓದಿದವರು ಮೂಗು ಮುರಿಯುತ್ತಾರೆ. ಟಾಲರೆನ್ಸ್ ಅಂದರೆ ಅಳತೆ ಎಷ್ಟು ಆಚೀಚೆ ಆಗಬಹುದೋ ಆ ಮಿತಿ; ಅದರ ನಡುವಿನ ಅರ್ಧ ಹಸಿರು, ಎರಡೂ ಕಡೆಯ ಕಾಲು ಕಾಲು ಭಾಗ ಹಳದಿ, ಹೊರಗಡೆ ಕೆಂಪು. ಸೆಟ್ಟಿಂಗ್ ಆದಮೇಲೆ ಸತತ ಐದು ಪೀಸ್ ಹಸಿರು ಬಂದರೆ ಓಡಿಸು. ಆಮೇಲೆ ಆಗಾಗ ಎರಡೆರಡು ಪೀಸ್ ನೋಡು. ಎರಡೂ ಒಂದೇ ಕಡೆಯ ಹಳದಿ ಆದರೆ ಆಫ್‌ಸೆಟ್ ಕೊಡು, ಅಂದರೆ ಟೂಲ್‌ನ ಜಾಗ ಅಷ್ಟು ಸರಿಸು. ಎರಡೂ ಕಡೆ ಒಂದೊಂದು ಹಳದಿ ಬಂದರೆ ನಿಲ್ಲಿಸು. ಒಂದೇ ಒಂದು ಕೆಂಪು ಬಂದರೂ ನಿಲ್ಲಿಸು. ಲೆಕ್ಕ ಇಲ್ಲ, ಕ್ಯಾಲ್ಕುಲೇಟರ್ ಇಲ್ಲ.

22 ಎಂಎಂ ಹೊರ ವ್ಯಾಸದ ಒಂದು ಬುಷ್, ಟಾಲರೆನ್ಸ್ 40 ಮೈಕ್ರಾನ್ (ಮೈಕ್ರಾನ್ ಅಂದರೆ ಎಂಎಂನ ಸಾವಿರದಲ್ಲೊಂದು ಪಾಲು). ಅದರಲ್ಲೇ ಶುರು ಮಾಡಿದೆವು. ಅಳತೆಯ ವ್ಯತ್ಯಾಸವನ್ನು ಡಯಲ್‌ನಲ್ಲಿ ತೋರಿಸುವ ಕಂಪರೇಟರ್ ಸ್ಟ್ಯಾಂಡ್ ಮೆಷಿನ್ ಪಕ್ಕದಲ್ಲೇ ಇಟ್ಟು, ಮಾಸ್ಟರ್ (ಸರಿಯಾದ ಅಳತೆಯ ಮಾದರಿ ಪೀಸ್) ಹಾಕಿ, ಡಯಲ್ ಸೊನ್ನೆಗೆ ತಂದೆವು. ಪ್ಲಸ್ ಮೈನಸ್ 10 ಹಸಿರು, 10ರಿಂದ 20 ಹಳದಿ. ಮೊದಲು ಗಾಜಿನ ಮೇಲೆ ಸ್ಟಿಕ್ಕರ್ ಅಂಟಿಸಿದೆವು. ಕೂಲೆಂಟ್ ಕೈ ತಾಗಿ ಎರಡೇ ದಿನಕ್ಕೆ ಕಿತ್ತು ಬಂತು. ಆಮೇಲೆ ನೇಲ್ ಪಾಲಿಶ್ ಬಳಿದೆವು. ಅದು ಗಟ್ಟಿಯಾಗಿ ನಿಂತಿತು, ಆದರೆ ಹೊಸ ತಲೆನೋವು. ಗಾಜಿಗೂ ಮುಳ್ಳಿಗೂ ನಡುವೆ ಸಂದಿ ಇರುತ್ತಲ್ಲ, ಎತ್ತರದವನು ನೋಡಿದರೆ ಹಸಿರು, ಕುಳ್ಳನೆಯವನು ನೋಡಿದರೆ ಹಳದಿ. ಶಿಫ್ಟ್ ಬದಲಾಗುವಾಗ ಇದಕ್ಕೇ ಜಗಳ. ಕೊನೆಗೆ ಗಾಜು ಬಿಚ್ಚಿ ಡಯಲ್‌ನ ಮುಖದ ಮೇಲೇ ಬಣ್ಣ ಹಾಕಿಸಿದೆ. ಜಗಳ ನಿಂತಿತು.

ನಿಜವಾದ ಲಾಭ ಬಂದದ್ದು ಬಣ್ಣದಿಂದಲ್ಲ, ಟೈಮಿನಿಂದ. ಕೆಂಪು ಬಂದಾಗಲೆಲ್ಲ ಗಂಟೆ ಎಷ್ಟು ಅಂತ ಬರೆಯಿರಿ ಅಂದೆ, ಅಷ್ಟೇ. ಒಂದೆರಡು ತಿಂಗಳ ಪುಸ್ತಕ ತಿರುವಿ ಹಾಕಿದರೆ, ಮೂರರಲ್ಲಿ ಎರಡು ಪಾಲು ಕೆಟ್ಟ ಪೀಸ್ ನಾಲ್ಕೇ ಜಾಗದಲ್ಲಿ ಕೂತಿದ್ದವು. ಬೆಳಗ್ಗೆ ಮೊದಲ ಅರ್ಧ ಗಂಟೆ. ಊಟ ಆದಮೇಲಿನ ಹತ್ತು ಹದಿನೈದು ಪೀಸ್. ಕರೆಂಟ್ ಹೋಗಿ ಬಂದಮೇಲೆ. ಇನ್ಸರ್ಟ್, ಅಂದರೆ ಟೂಲ್‌ನ ಕತ್ತರಿಸುವ ತುದಿ, ಬದಲಾದ ಮೇಲೆ. ಓಡುತ್ತಿರುವ ಮೆಷಿನ್ ಸಾಮಾನ್ಯವಾಗಿ ಕೆಡಿಸಲ್ಲ. ನಿಂತು ತಣ್ಣಗಾಗಿ ಮತ್ತೆ ಹೊರಟ ಮೆಷಿನ್ ಕೆಡಿಸುತ್ತದೆ. ಹಾಗಾಗಿ ನಮ್ಮಲ್ಲಿ ಒಂದೇ ನಿಯಮ: ಯಾವ ಕಾರಣಕ್ಕೆ ನಿಂತರೂ ಮತ್ತೆ ಐದು ಹಸಿರು. ಊಟದ ಹೊತ್ತಿಗೆ ಸ್ಪಿಂಡಲ್ ನಿಲ್ಲಿಸುವುದನ್ನೇ ಬಿಟ್ಟೆವು, ವಾರ್ಮ್-ಅಪ್ ಪ್ರೋಗ್ರಾಂ ತಿರುಗುತ್ತಿರುತ್ತದೆ. ಕರೆಂಟ್ ಬಿಲ್ ಸ್ವಲ್ಪ ಏರಿತು ಅಂತ ಪಾರ್ಟ್ನರ್ ಗೊಣಗಿದ. ಸ್ಕ್ರಾಪ್ ಬಿನ್ ತೋರಿಸಿದೆ.

ಪ್ರೊಡಕ್ಷನ್ ಏರಿದ್ದು ಹೇಗೆ? ಮೊದಲು ಫಸ್ಟ್ ಪೀಸ್ ಓಕೆ ಆಗೋಕೆ 40 ನಿಮಿಷ ಹಿಡಿಯುತ್ತಿತ್ತು. ಪೀಸ್ ಹಿಡಿದು ಕ್ಯೂಸಿ ರೂಮಿಗೆ ಹೋಗು, ಅಲ್ಲಿ ಇನ್ನಿಬ್ಬರು ಕಾಯುತ್ತಿದ್ದಾರೆ, ಇನ್ಸ್‌ಪೆಕ್ಟರ್ ಫೋನಿನಲ್ಲಿದ್ದಾನೆ. ಈಗ ಐದು ಹಸಿರು ಮೆಷಿನ್ ಪಕ್ಕದಲ್ಲೇ, 12 ನಿಮಿಷ. ಉಳಿದ 28 ನಿಮಿಷದಲ್ಲಿ 75 ಸೆಕೆಂಡಿಗೊಂದು ಪೀಸ್ ಅಂತ ಲೆಕ್ಕ ಹಾಕಿ. ಉಳಿದದ್ದು ರೀವರ್ಕ್ ತಪ್ಪಿದ್ದರಿಂದ ಬಂದದ್ದು. ಆ ಇಬ್ಬರು ಇನ್ಸ್‌ಪೆಕ್ಟರ್‌ಗಳನ್ನು ಕೆಲಸದಿಂದ ತೆಗೆಯಲಿಲ್ಲ. ಒಬ್ಬ ಈಗ ಸೆಟ್ಟರ್, ಒಳ್ಳೆಯ ಸೆಟ್ಟರ್.

ಎಲ್ಲ ಮೆಷಿನ್‌ಗೂ ಇದು ಹೊಂದಲ್ಲ. ಸಿಪಿಕೆ (ಮೆಷಿನ್‌ನ ಏರಿಳಿತ ಟಾಲರೆನ್ಸ್ ಒಳಗೆ ಎಷ್ಟು ಸಲೀಸಾಗಿ ಕೂರುತ್ತದೆ ಅನ್ನುವ ಅಂಕಿ) 1 ಇರುವ ಮೆಷಿನ್ನು ನೂರಕ್ಕೆ 86-87 ಪೀಸ್ ಮಾತ್ರ ಹಸಿರು ಕೊಡುತ್ತದೆ. ಸತತ ಐದು ಹಸಿರು ಬರೋದು ಎರಡು ಪ್ರಯತ್ನಕ್ಕೊಂದು ಸಲ. ನಮ್ಮ ನಾಲ್ಕನೇ ನಂಬರ್ ಲೇತ್ ಹೀಗೇ ಸತಾಯಿಸಿತು. ಹುಡುಗರು ಬೇಸತ್ತು ಪದ್ಧತಿಯನ್ನೇ ಬೈಯತೊಡಗಿದರು. ಬಿಚ್ಚಿ ನೋಡಿದರೆ ಸ್ಪಿಂಡಲ್ ಬೇರಿಂಗ್ ಹೋಗಿತ್ತು. ಸುಮಾರು ಒಂದೂವರೆ ಲಕ್ಷ ಖರ್ಚು. ಆ ಬೇರಿಂಗ್ ಯಾವ ಕಾಲದಿಂದ ಸವೆಯುತ್ತಿತ್ತೋ, ಇನ್ಸ್‌ಪೆಕ್ಷನ್ ರಿಪೋರ್ಟಿನಲ್ಲಿ ಎಲ್ಲಿಯೂ ಕಂಡಿರಲಿಲ್ಲ.

ನಡುವೆ ಒಂದು ಹುಚ್ಚು ಪ್ರಯೋಗವನ್ನೂ ಮಾಡಿದೆ. 80 ಎಂಎಂನ ಸ್ಟೀಲ್ ರಿಂಗ್ ಒಂದನ್ನು ಮೆಷಿನ್‌ನಿಂದ ತೆಗೆದ ತಕ್ಷಣ ಅಳೆದು, ಮಾಸ್ಟರ್ ಪಕ್ಕದಲ್ಲಿ ಆರಲು ಬಿಟ್ಟು ಮತ್ತೆ ಅಳೆದೆ. 9 ಮೈಕ್ರಾನ್ ಇಳಿದಿತ್ತು. ಹತ್ತು ಡಿಗ್ರಿ ವ್ಯತ್ಯಾಸಕ್ಕೆ ಅಷ್ಟು ಆಗಲೇಬೇಕು. 22 ಎಂಎಂ ಬುಷ್‌ಗೆ ಇದು ಎರಡು ಎರಡೂವರೆ ಮೈಕ್ರಾನ್, ತಲೆ ಕೆಡಿಸಿಕೊಳ್ಳಬೇಡಿ. ದೊಡ್ಡ ರಿಂಗ್ ಮಾಡುವವರು ಮಾಸ್ಟರ್ ಅನ್ನು ಎಸಿ ರೂಮಿನಲ್ಲಿ ಪೂಜೆ ಮಾಡುವುದು ಬಿಟ್ಟು ಮೆಷಿನ್ ಪಕ್ಕದಲ್ಲೇ ಇಡಿ.

ದುಡ್ಡಿನ ವಿಷಯ. ಡಯಲ್, ಸ್ಟ್ಯಾಂಡ್ ಸೇರಿ ಮೆಷಿನ್‌ಗೆ 14-15 ಸಾವಿರ. ಆರಕ್ಕೆ 90 ಸಾವಿರದ ಹತ್ತಿರ. ಮಾಸ್ಟರ್‌ಗಳಿಗೆ ಬೇರೆ. ಸ್ಕ್ರಾಪ್‌ನಲ್ಲಿ ತಿಂಗಳಿಗೆ ಹೋಗುತ್ತಿದ್ದದ್ದು 80-90 ಸಾವಿರ. ಮೂರು ತಿಂಗಳೊಳಗೆ ಹಾಕಿದ್ದು ಬಂತು, ಬೇರಿಂಗ್ ದುಡ್ಡು ಬಿಟ್ಟು. ಟ್ಯಾಬ್ಲೆಟ್, ಸಾಫ್ಟ್‌ವೇರ್ ಅಂತ ಮೂರು ಲಕ್ಷದ ಕೊಟೇಶನ್ ಹಿಡಿದು ಬಂದವರೂ ಇದ್ದರು. ಬೇಡ ಅಂದೆ.

ಹಳದಿಯನ್ನು ಹಸಿರು ಅಂತ ಬರೆದರೆ ಏನು ಮಾಡ್ತೀರಿ ಅಂತ ಎಲ್ಲರೂ ಕೇಳುತ್ತಾರೆ. ಅದಕ್ಕೊಂದು ಉಪಾಯ ಇಟ್ಟುಕೊಂಡಿದ್ದೇನೆ. ಇಲ್ಲಿ ಬರೆದರೆ ನಮ್ಮ ಹುಡುಗರೂ ಓದುತ್ತಾರೆ, ಬೇಡ ಬಿಡಿ. ಪೀಸ್ ಹಿಡಿಯುವ ಸಾಫ್ಟ್ ಜಾ ಬೋರ್ ಮಾಡುವುದರಲ್ಲೂ ಒಂದು ಕೈಚಳಕ ಇದೆ, ಅದೂ ನಮ್ಮ ಶಾಪಿನೊಳಗೇ ಇರಲಿ.

ಇಷ್ಟಾದ ಮೇಲೆ ನನಗೊಂದು ಹುಳ ಹೊಕ್ಕಿತು. ಬೇರೆ ಕಸುಬಿನಲ್ಲಿ ಇದು ನಡೆಯುತ್ತಾ?

ನನ್ನ ಭಾಮೈದನದು ಸಣ್ಣ ಗಾರ್ಮೆಂಟ್ಸ್ ಯೂನಿಟ್, ಎರಡು ಲೈನ್. "ಭಾವ, ಬಟ್ಟೆ ಕಬ್ಬಿಣ ಅಲ್ಲ" ಅಂದ. ಸರಿ, ಆದರೂ ನೋಡೋಣ ಅಂದೆ. ಅಲ್ಲಿ ಏಳು ಪೀಸ್ ನೋಡಿ ಮೆಷಿನ್‌ಗೆ ಹಸಿರು, ಹಳದಿ, ಕೆಂಪು ಕಾರ್ಡ್ ಹಾಕುವ ಪದ್ಧತಿ ಮೊದಲೇ ಇದೆ. ಅವನೂ ಒಮ್ಮೆ ಮಾಡಿ ಕೈಬಿಟ್ಟಿದ್ದ. ಯಾಕೆ ಬಿದ್ದುಹೋಯಿತು ಅಂತ ಲೈನಿನ ಹೆಣ್ಣುಮಕ್ಕಳನ್ನು ಕೇಳಿದೆ. ಕೆಂಪು ಕಾರ್ಡ್ ಬಿದ್ದರೆ ಸೂಪರ್‌ವೈಸರ್ ಎಲ್ಲರೆದುರು ಕೂಗಾಡುತ್ತಿದ್ದನಂತೆ. ಅದಕ್ಕೆ ಚೆಕ್ ಮಾಡುವ ಹುಡುಗಿಯೇ ಪಾಪ ಅಂತ ಹಸಿರು ಹಾಕಿಬಿಡುತ್ತಿದ್ದಳು. ನಾವು ಮಾಡಿದ್ದು ಒಂದೇ ಬದಲಾವಣೆ. ಕೆಂಪು ಬಿದ್ದರೆ ಬರಬೇಕಾದದ್ದು ಸೂಪರ್‌ವೈಸರ್ ಅಲ್ಲ, ಮೆಕ್ಯಾನಿಕ್. ಸೂಜಿ, ಟೆನ್ಷನ್, ಫೀಡ್ ಡಾಗ್ ನೋಡಿ ಸಹಿ ಹಾಕಬೇಕು. ಸ್ಕಿಪ್ ಸ್ಟಿಚ್ ಅರ್ಧಕ್ಕರ್ಧ ಇಳಿಯಿತು. ನೂರು ಪೀಸಿಗೆ 14ರಷ್ಟಿದ್ದ ಡಿಫೆಕ್ಟ್ ಈಗ ಆರರ ಆಸುಪಾಸು. ಆಲ್ಟ್ರೇಷನ್ ಮಾಡುವುದಕ್ಕೇ ಕೂತಿದ್ದ ಮೂವರಲ್ಲಿ ಇಬ್ಬರು ಲೈನಿಗೆ ಹೋದರು. ಹೊಸ ಸ್ಟೈಲ್ ಶುರುವಾದ ದಿನ ಮಾತ್ರ ಈಗಲೂ ರಾಮಾಯಣವೇ. ಅಲ್ಲೂ ಅದೇ: ನಿಂತು ಹೊರಟಾಗಲೇ ಕೆಡುವುದು.

ಕಾರ್ಕಳದಲ್ಲಿ ಸ್ನೇಹಿತರೊಬ್ಬರ ಗೇರುಬೀಜದ ಫ್ಯಾಕ್ಟರಿ ಇದೆ. "ಎಂತ ಮಾರಾಯ್ರೆ, ಗೇರುಬೀಜಕ್ಕೂ ಮೈಕ್ರಾನಾ?" ಅಂತ ನಕ್ಕರು. ಅವರ ನಗುವಿನಲ್ಲಿ ಅರ್ಥ ಇತ್ತು. ಬುಷ್‌ಗೆ ಡ್ರಾಯಿಂಗ್ ಇದೆ, ಗೇರುಬೀಜಕ್ಕೆ ಇಲ್ಲ. ಹಸಿರು ಎಲ್ಲಿಗೆ ಮುಗಿಯಬೇಕು ಅಂತ ಯಾರು ಹೇಳಬೇಕು? ಇಲ್ಲಿ ಪ್ರೀ-ಕಂಟ್ರೋಲ್ ಬಿಟ್ಟು ಶೂಹಾರ್ಟ್ ಕಡೆಗೇ ಹೋದೆ. ಕಟ್ಟಿಂಗ್ ಟೇಬಲ್‌ನಿಂದ ಗಂಟೆಗೊಮ್ಮೆ 100 ತಿರುಳು ಎಣಿಸಿ, ಒಡೆದದ್ದೆಷ್ಟು ಅಂತ ಬರೆಯುವುದು. ಸರಾಸರಿ 8 ಬಂತು. ಮೂರು ಸಿಗ್ಮಾ, ಅಂದರೆ ಸಹಜ ಏರಿಳಿತದ ಅಳತೆಯ ಮೂರು ಪಟ್ಟು, ಹಾಕಿದರೆ ಮೇಲಿನ ಗೆರೆ 16ಕ್ಕೆ ಬೀಳುತ್ತದೆ. ಅಲ್ಲಿಯ ಮೇಸ್ತ್ರಿ ಅಷ್ಟು ದಿನ 11, 12 ಆದರೆ ಬೈಯುತ್ತಿದ್ದ, 5 ಬಂದರೆ ಹೊಗಳುತ್ತಿದ್ದ. ಎರಡೂ ಸುಮ್ನೆ. ಅದು ಕೈಯ ತಪ್ಪೂ ಅಲ್ಲ, ಜಾಣತನವೂ ಅಲ್ಲ, ಎಣಿಕೆಯ ಏರಿಳಿತ. 16 ದಾಟಿದರೆ ಮಾತ್ರ ನಿಲ್ಲಿಸಿ ನೋಡಿ ಅಂದೆ.

ದಾಟಿದಾಗೆಲ್ಲ ನೋಡಿದರೆ ಕಾರಣ ಕತ್ತರಿಸುವವರ ಕೈಯಲ್ಲಿ ಇರುತ್ತಿದ್ದದ್ದು ಅಪರೂಪ. ಹೆಚ್ಚಾಗಿ ಸೈಜ್ ಮಾಡುವ ಜರಡಿ. ದೊಡ್ಡದು ಚಿಕ್ಕದು ಬೆರೆತು ಬಂದರೆ ಬ್ಲೇಡ್ ಒಂದೇ ಸಂದಿಯಲ್ಲಿ ಎರಡನ್ನೂ ಸರಿಯಾಗಿ ಒಡೆಯಲಾರದು. ಇಲ್ಲದಿದ್ದರೆ ಬೇಯಿಸಿದ್ದು ಸಾಕಷ್ಟು ಆರಿರುವುದಿಲ್ಲ. ಜರಡಿ ಬದಲಿಸಿದ ಮೇಲೆ ಸರಾಸರಿ 6ಕ್ಕೆ ಇಳಿಯಿತು. ಡಬ್ಲ್ಯೂ 320 ದರ್ಜೆಯ ಇಡೀ ತಿರುಳಿಗೂ ಚೂರಿಗೂ ಕೆಜಿಗೆ ಎಷ್ಟು ವ್ಯತ್ಯಾಸ ಅಂತ ಆ ಕಡೆಯವರಿಗೆ ಹೇಳಬೇಕಿಲ್ಲ. ಆಫ್ರಿಕಾದ ಬೀಜದ ಲಾಟ್ ಬಂದಾಗ ಗೆರೆ ಹೊಸದಾಗಿ ಹಾಕಬೇಕು. ಊರ ಬೀಜದ 16 ಅದಕ್ಕೆ ನಡೆಯಲ್ಲ. ಇನ್ನೊಂದು ತೊಡಕು ಕೂಲಿ. ಅಲ್ಲಿ ಕೆಜಿ ಲೆಕ್ಕದ ಕೂಲಿ, ಎಣಿಸಲು ತೆಗೆದುಕೊಂಡರೆ ಅವರಿಗೆ ನಷ್ಟ ಅಂತ ಗಲಾಟೆ ಆಯಿತು. ಎಣಿಸಿದ ತಿರುಳನ್ನು ಅವರ ತೂಕಕ್ಕೇ ವಾಪಸ್ ಹಾಕಿ, ಮೇಲೆ ಹತ್ತು ನಿಮಿಷದ ಕೂಲಿ ಕೊಟ್ಟ ಮೇಲೆ ಸರಿಹೋಯಿತು.

ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚಾಣಿಕೆಯಲ್ಲೂ ನೋಡಿದೆ. ಅಲ್ಲಿ ನಡೆಯಲಿಲ್ಲ. ಅವರ ಲೆಕ್ಕ ರೆಂಡಿಟ್ಟಾ, ಅಂದರೆ ಒಂದು ಕೆಜಿ ನೂಲಿಗೆ ಎಷ್ಟು ಕೆಜಿ ಗೂಡು ಅನ್ನೋದು. ಹರಾಜಿನಲ್ಲಿ ಇವತ್ತು ಒಬ್ಬ ರೈತನ ಗೂಡು, ನಾಳೆ ಇನ್ನೊಬ್ಬನದು. ಮಳೆಗಾಲದ ಗೂಡು ಬೇರೆ, ಬೇಸಿಗೆಯದು ಬೇರೆ. ರೆಂಡಿಟ್ಟಾ ಏರಿದ್ದು ಗೂಡಿನಿಂದಲೋ ನೂಲು ಬಿಚ್ಚುವ ಬೇಸಿನ್‌ನಿಂದಲೋ ಅಂತ ಬಿಡಿಸಿ ಹೇಳಲು ಆಗಲಿಲ್ಲ. ರೀಲರ್ ಮಾತ್ರ ಗೂಡು ಮುಷ್ಟಿಯಲ್ಲಿ ಹಿಡಿದು ಅಲ್ಲಾಡಿಸಿ ಇಷ್ಟು ಬರುತ್ತೆ ಅಂದರೆ ಹೆಚ್ಚು ಕಡಿಮೆ ಅಷ್ಟೇ ಬರುತ್ತಿತ್ತು. ಈಗ ರೆಂಡಿಟ್ಟಾ ಬಿಟ್ಟು ಗೂಡು ಬೇಯಿಸುವ ನೀರಿನ ಬಿಸಿ ಒಂದನ್ನೇ ಬರೆಯಿರಿ ಅಂದಿದ್ದೇನೆ. 250 ರೂಪಾಯಿಯ ಥರ್ಮಾಮೀಟರ್ ತೆಗೆಸಿಕೊಟ್ಟಿದ್ದೆ. ಒಂದು ಒಡೆದಿದೆ, ಇನ್ನೊಂದು ತರಿಸಬೇಕು.